ಹತ್ತರಲ್ಲಿ ಎಷ್ಟು?

ಕಿವಿ ಪರೀಕ್ಷೆಯ ಮೇಡಂ ಬಾಯಿಗೆ ರಟ್ಟು ಅಡ್ಡ ಹಿಡಿದು ಒಂದೊಂದೇ ಪದ ಹೇಳುತ್ತಿದ್ದರು. ಎದುರಿಗೆ ಕೂತ ಹೊಲಿಗೆಯಮ್ಮ ಪಟಪಟನೆ ಒಪ್ಪಿಸುತ್ತಿದ್ದಳು.

"ಬಾಗಿಲು. ಚಮಚ. ಗಡಿಯಾರ."

"ಏಳಕ್ಕೆ ಏಳು!" ಎಂದರು ಮೇಡಂ.

ಹೊಲಿಗೆಯಮ್ಮ ಓರೆಗಣ್ಣಿನಲ್ಲಿ ಮಗಳ ಮುಖ ನೋಡಿದಳು. ಕಿವಿಯ ನರದ ಮೇಲೆ ಗಂಟು ಬೆಳೆಯುವ ಈ ಕಾಯಿಲೆ ಅವಳಿಂದಲೇ ಮಗಳಿಗೆ ಇಳಿದಿತ್ತು. ಅಮ್ಮನ ಎರಡೂ ಕಿವಿ ಕಲ್ಲಾಗಿ ಆರು ವರ್ಷ. ಗಂಟು ತೆಗೆದಾಗ ಒಂದು ನರ ಹೇಗೋ ಉಳಿದು, ಅಲ್ಲಿಗೆ ಇಂಪ್ಲಾಂಟ್ ಎಂಬ ಕೇಳಿಸುವ ಯಂತ್ರ ಕೂಡಿಸಿ ಎರಡು ತಿಂಗಳಾಗಿತ್ತು. ಮಗಳಿಗೆ ಒಂದು ಕಿವಿ ಹೋಗಿ ಇನ್ನೊಂದು ಹೋಗುವ ಹಾದಿಯಲ್ಲಿತ್ತು. "ನಿನಗೆ ಕೇಳಿಸಿದ್ರೆ ನೋಡೋಣ. ಇಲ್ಲಾಂದ್ರೆ ನನ್ನ ತಲೆ ಯಾರ ಕೈಗೂ ಕೊಡಲ್ಲ" ಎಂದು ಮಗಳು ಕಡ್ಡಿ ಮುರಿದಂತೆ ಹೇಳಿದ್ದಳು.

ಮಗಳು ಎದ್ದುಬಂದು ಪಕ್ಕದ ಕಪಾಟಿನ ಗಾಜಿಗೆ ಬೆನ್ನು ಕೊಟ್ಟು ನಿಂತಳು. ರಟ್ಟಿನ ಹಿಂದಿನ ತುಟಿಗಳು ಇಷ್ಟು ಹೊತ್ತು ಅಮ್ಮನಿಗೆ ಆ ಗಾಜಿನಲ್ಲೇ ಕಾಣುತ್ತಿದ್ದವು.

"ಯಾಕೆ ಪುಟ್ಟಿ?"

"ಕಾಲು ಜೋಮು ಹಿಡೀತು. ನೀನು ಹೇಳಮ್ಮ."

ಮುಂದಿನ ಪದ ಬಂತು. ಗರಗರ ಸದ್ದೊಂದೇ. ಮತ್ತೊಂದು, ಅದೂ ಹಾಗೇ. ಮೂರನೆಯದಕ್ಕೆ, "ಕುರ್ಚಿ?" ಎಂದಳು ಅಂಜುತ್ತಾ.

ಮೇಡಂ ಹೌದೆಂದು ತಲೆಯಾಡಿಸಿದರು.

"ಅದೊಂದೇ ನನ್ನದು. ಮೊದಲಿನ ಏಳೂ ಕದ್ದದ್ದು," ಎಂದು ಹೊಲಿಗೆಯಮ್ಮ ಗಾಜಿನತ್ತ ಬೆರಳು ತೋರಿಸಿದಳು.

"ಅಯ್ಯೋ ಅಮ್ಮಾ! ನೀವು ಹೀಗೆ ಮಾಡಿದ್ರೆ ನಾನು ಮೆಷಿನ್ ಹೇಗೆ ಹೊಂದಿಸ್ಲಿ? ಎರಡು ತಿಂಗಳಿಗೆ ಮೂರಕ್ಕೆ ಒಂದು ಅಂದ್ರೆ ಕಮ್ಮಿ ಏನಲ್ಲ."

ಮಗಳು ಪಕ್ಕಕ್ಕೆ ಬಂದು ಕೂತಳು. "ಈಗಾದ್ರೂ ನಿಜ ಹೇಳು. ಹೇಗೆ ಕೇಳಿಸುತ್ತೆ?"

"ಎಲ್ಲರೂ ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ಮೊದಮೊದಲು ಕಿತ್ತು ಬಿಸಾಡೋಣ ಅನ್ನಿಸ್ತಿತ್ತು. ಈಗ ನಿಮ್ಮಪ್ಪ ಯಾರು, ನೀನ್ಯಾರು ಅಂತ ಬೆನ್ನು ತಿರುಗಿಸಿದ್ರೂ ಗೊತ್ತಾಗುತ್ತೆ."

"ನನ್ನ ದನಿ?"

"ಬಯ್ಯೋವಾಗ ಒಂದಕ್ಷರ ಬಿಡದ ಹಾಗೆ ಕೇಳಿಸುತ್ತೆ."

ಮಗಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಡಾಕ್ಟರ ಕೋಣೆಯತ್ತ ನೋಡಿ ಎದ್ದಳು.

"ಡಾಕ್ಟರ ಹತ್ರ ನಾನೂ ಒಂದ್ಸಲ ಮಾತಾಡ್ತೀನಿ. ಹಾಕಿಸ್ಕೋತೀನಿ ಅಂತಲ್ಲ, ಕೇಳಿ ನೋಡ್ತೀನಿ ಅಷ್ಟೆ. ನೀನು ಮಾತ್ರ ಬಾಯಿ ಹಾಕಬಾರದು."

ಹೊಲಿಗೆಯಮ್ಮ ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡು, ಮಗಳಿಗೆ ದಾರಿಯಾಗಲೆಂದು ಕಾಲು ಮಡಚಿದಳು.