ಮೂತಿ ಮೇಲಾದ ತೋಟಾಗಳು

ಗಂಡನ ಗೆಳೆಯ ಲೀಲಂಡ್ ಪ್ರೌ ಬರುವುದಕ್ಕೆ ಮೊದಲೇ ಆರ್ಡಿತ್ ಗ್ಯಾರೇಜಿಗೆ ಹೋಗಿ, ತೋಟಾಗಳ ಡಬ್ಬಿಯ ಮುಚ್ಚಳ ತೆಗೆದು, ತಲೆಕೆಳಗಾಗಿ ನಿಂತಿದ್ದವನ್ನೆಲ್ಲ ಸರಿಮಾಡಿಟ್ಟಳು.

ಅದು ತೂತು ತೂತಿನ ಹಳದಿ ಪ್ಲಾಸ್ಟಿಕ್ ಡಬ್ಬಿ. ಅವಳ ಗಂಡ ಮೈಲೊ ಕೈಯಾರೆ ತುಂಬಿದ ತೋಟಾಗಳು ಅದರಲ್ಲಿ ಯಾವತ್ತೂ ಗುಂಡಿನ ಮೂತಿ ಕೆಳಗೆ, ಹಿತ್ತಾಳೆಯ ಬುಡ ಮೇಲೆ ಮಾಡಿಕೊಂಡು ನಿಂತಿರುತ್ತಿದ್ದವು. ಪ್ರತಿ ಬುಡದ ಮೇಲೂ ಶಾಯಿಯ ಒಂದು ಗೆರೆ. ಕೆಂಪು ಗೆರೆಯೆಂದರೆ ಮೈಲೊನದು, ಕುದುರೆಯ ಹಾಗೆ ಒದೆಯುವಂಥದ್ದು. ಹಸಿರೆಂದರೆ ಆರ್ಡಿತಳದು, ಮೆತ್ತಗೆ ಹೋಗುವಂಥದ್ದು. ಹಸಿರು ಗೆರೆಯ ಈ ಡಬ್ಬಿಯಲ್ಲಿ ಮಾತ್ರ ಕೊನೆಯ ಎರಡು ಸಾಲು ಮೂತಿ ಮೇಲೆ ಮಾಡಿ ನಿಂತಿದ್ದವು. ಲೀಲಂಡ್ ಇದನ್ನು ಕಂಡರೆ ಏನಂದುಕೊಳ್ಳುತ್ತಾನೆ ಅನ್ನುವುದು ಅವಳಿಗೆ ಗೊತ್ತಿತ್ತು. ಪಾಪ, ತೋಟಾ ಯಾವ ಕಡೆ ಇಡಬೇಕು ಅನ್ನುವುದೂ ಮೈಲೊಗೆ ಮರೆತುಹೋಗಿತ್ತು ಅಂದುಕೊಳ್ಳುತ್ತಾನೆ. ಅಂದುಕೊಂಡು ಸುಮ್ಮನಿರುತ್ತಾನೆ, ಅದು ಇನ್ನೂ ಕೆಟ್ಟದ್ದು. ಅವಳು ಒಂದೊಂದನ್ನೇ ಎತ್ತಿ ತಿರುಗಿಸಿಟ್ಟಳು. ಡಬ್ಬಿಯ ಒಳಗೆಲ್ಲ ಹಸಿರು ಗೆರೆಗಳು ಒಂದೇ ಸಮನಾದವು. ಆಮೇಲೆ ಹೋಗಿ ಕಾಫಿಗೆ ಇಟ್ಟಳು.

ಮೈಲೊ ಹೋದದ್ದು ಫೆಬ್ರವರಿಯ ಹಿಮದಲ್ಲಿ. ಈಗ ಏಪ್ರಿಲ್, ಟ್ವಿನ್ ಕೂಲಿ ಊರಿನ ಸುತ್ತಿನ ಗೋಧಿ ಬಯಲಿನಲ್ಲಿ ಹಿಮ ಕರಗಿ ಕಪ್ಪು ಮಣ್ಣು ಕಾಣಿಸುತ್ತಿತ್ತು. ಭಾನುವಾರ ಗುರಿ ಹೊಡೆಯುವವರ ಕ್ಲಬ್ಬಿನ ವರ್ಷದ ಮೊದಲ ಪಂದ್ಯ. ಕ್ಲಬ್ಬಿನವರಲ್ಲಿ ಒಂದು ಪದ್ಧತಿ ಇದೆ. ಸದಸ್ಯನೊಬ್ಬ ತೀರಿಕೊಂಡ ಮೇಲೆ ಬರುವ ಮೊದಲ ಪಂದ್ಯದಲ್ಲಿ, ಬೇರೆ ಯಾರೂ ಬಂದೂಕು ಎತ್ತುವ ಮುಂಚೆ, ಅವನ ಮನೆಯವರೊಬ್ಬರು ಅವನ ರಿವಾಲ್ವರಿನಲ್ಲಿ ಆರು ಗುಂಡು ಹಾರಿಸುತ್ತಾರೆ. ಮಿಕ್ಕವರು ಟೊಪ್ಪಿ ತೆಗೆದು ನಿಲ್ಲುತ್ತಾರೆ.

ಇನ್ನೊಂದು ಪದ್ಧತಿಯೂ ಇದೆ. ಸತ್ತವನು ತುಂಬಿದ ತೋಟಾವನ್ನು ಯಾರೂ ಹಾರಿಸುವುದಿಲ್ಲ. ಮನೆಯಲ್ಲಿ ತುಂಬಿದ ತೋಟಾದೊಳಗೆ ಎಷ್ಟು ಮದ್ದಿದೆ ಅನ್ನುವುದು ತುಂಬಿದವನ ಕೈಗೆ ಮಾತ್ರ ಗೊತ್ತು. ಅವನು ಹೋದ ಮೇಲೆ ಕೇಳುವುದು ಯಾರನ್ನು? ಹಾಗಾಗಿ ಸ್ನೇಹಿತನೊಬ್ಬ ಬಂದು ಎಲ್ಲವನ್ನೂ ಬಿಚ್ಚಿ, ಮದ್ದನ್ನು ಹುಲ್ಲಿಗೆ ಚೆಲ್ಲಿ ಹೋಗುತ್ತಾನೆ. ಮೈಲೊನೂ ಎಷ್ಟೋ ಜನರ ಗ್ಯಾರೇಜಿಗೆ ಹೋಗಿ ಹೀಗೆ ಮಾಡಿಬಂದವನೇ. ಈಗ ಅವನ ಗ್ಯಾರೇಜಿಗೆ ಬರುವವನು ಲೀಲಂಡ್.

ಆರ್ಡಿತಳಿಗೆ ಬೇಕಾಗಿದ್ದದ್ದು ಒಂದೇ. ಭಾನುವಾರ ಆ ಆರು ಗುಂಡುಗಳು ಮೈಲೊ ತುಂಬಿದವೇ ಆಗಿರಬೇಕು. ಕಳೆದ ಅಕ್ಟೋಬರಿನಲ್ಲಿ ಮೈಲೊ ಪಕ್ಕದವನ ಗುರಿಹಲಗೆಗೆ ಗುಂಡು ಹೊಡೆದಿದ್ದ. ಮೈದಾನ ನೋಡಿಕೊಳ್ಳುವ ಲೀಲಂಡ್ ಅವನ ಹೆಗಲ ಮೇಲೆ ಕೈಯಿಟ್ಟು, ಇನ್ನು ಸ್ವಲ್ಪ ದಿನ ಮನೆಯಲ್ಲೇ ಇರು ಎಂದಿದ್ದ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಊರಿನವರೆಲ್ಲ ಮೈಲೊನ ತಲೆ ನೆಟ್ಟಗಿಲ್ಲ ಎಂದು ಮಾತಾಡಿಕೊಂಡರು. ಅವನ ಕೊನೆಯ ಕೆಲಸ ಅಷ್ಟು ಜನರ ಎದುರಿಗೆ ಸರಿಯಾಗಿ ಸಿಡಿದರೆ ಆ ಬಾಯಿಗಳು ಮುಚ್ಚುತ್ತವೆ ಅನ್ನುವುದು ಅವಳ ಲೆಕ್ಕ.

ಲೀಲಂಡ್ ಬಂದ. ಧಾನ್ಯದ ಗೋದಾಮಿನಲ್ಲಿ ದುಡಿದು ನಿವೃತ್ತನಾದ ದೊಡ್ಡ ಮೈಯ ಮನುಷ್ಯ. ಬಾಗಿಲಲ್ಲೇ ಬೂಟಿನ ಕೆಸರು ಒರೆಸಿಕೊಂಡು, ಕೈಯಲ್ಲಿದ್ದ ತೋಟಾ ಬಿಚ್ಚುವ ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದು ನಿಂತ.

"ಅದನ್ಯಾಕೆ ಬಚ್ಚಿಡ್ತೀಯ? ಹಲ್ಲು ಕೀಳೋಕೆ ಬಂದೋನ ಥರ," ಅಂದಳು ಆರ್ಡಿತ್.

"ನಿನ್ನ ಮುಖ ನೋಡಿದ್ರೆ ನನ್ನ ಹಲ್ಲೇ ಹೋಗೋ ಹಾಗಿದೆ."

"ಕಾಫಿ ಕುಡಿ ಮೊದ್ಲು. ಪೈ ಇದೆ, ಹೋದ ವರ್ಷದ ರೂಬಾರ್ಬ್ ದಂಟಿಂದು."

"ಆರ್ಡಿತ್, ಆ ಆರು ಗುಂಡಿನ ವಿಷಯ. ಅಂಗಡಿಯಿಂದ ಒಂದು ಡಬ್ಬಿ ತಂದಿದೀನಿ ನಿನಗೆ."

"ಅಂಗಡಿ ಮ್ಯಾಗ್ನಮ್ಮಾ? ಆ ಜೋರಾಗಿ ಒದೆಯೋ ಉದ್ದ ತೋಟಾನಾ? ಇಷ್ಟು ವರ್ಷ ಸ್ಕೂಲ್ ಬಸ್ಸಿನ ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಈ ಮಣಿಕಟ್ಟು ಕಾಫಿ ಕೆಟಲ್ಲನ್ನೇ ಎತ್ತಲ್ಲ ಅನ್ನತ್ತೆ. ಒಂದು ಹೊಡೆದ್ರೆ ರಿವಾಲ್ವರ್ ನನ್ನ ಹಣೆಗೆ ಬರತ್ತೆ. ಸತ್ತಿರೋನಿಗೆ ಗೌರವ ಕೊಡೋಕೆ ಹೋಗಿ ನಾನೇ ಅವನ ಪಕ್ಕ ಮಲಗಬೇಕಾ?"

"ಮೆತ್ತಂದೇ ತಂದಿದೀನಿ. ಗಿಡ್ಡ ತೋಟಾ."

"ಗಿಡ್ಡ ತೋಟಾನ ಅವನು ಆ ರಿವಾಲ್ವರಿಗೆ ಹಾಕಿದ್ದಿಲ್ಲ. ನಿನಗೂ ಗೊತ್ತು."

ಲೀಲಂಡನಿಗೆ ಗೊತ್ತಿತ್ತು. ಗಿಡ್ಡ ತೋಟಾ ಹಾರಿಸಿದರೆ ಉದ್ದ ತೋಟಾದ ಗೂಡಿನಲ್ಲಿ ಮಸಿಯ ಉಂಗುರ ಕಟ್ಟುತ್ತದೆ, ಕೂತು ಉಜ್ಜಬೇಕು. ಮೈಲೊಗೆ ಅದು ಆಗದು. ಅದಕ್ಕೇ ಅವನು ಮ್ಯಾಗ್ನಮ್ಮಿನ ಉದ್ದ ಕೊಳವೆಯಲ್ಲೇ ಚಿಟಿಕೆಯಷ್ಟು ಮದ್ದು ಹಾಕಿ, ತಾನೇ ಎರಕ ಹೊಯ್ದ ಸೀಸದ ಗುಂಡು ಕೂರಿಸಿ ಹೆಂಡತಿಗೆ ಕೊಡುತ್ತಿದ್ದ. ಆ ತೋಟಾ ಸಿಡಿದರೆ ಬಾಗಿಲು ಮೆಲ್ಲಗೆ ಹಾಕಿಕೊಂಡಷ್ಟೇ ಸದ್ದು. ಕ್ಲಬ್ಬಿನವರು ಅದನ್ನು ಮೈಲೊನ ಮುತ್ತು ಎಂದು ಗೇಲಿ ಮಾಡುತ್ತಿದ್ದರು.

"ಒಂದು ಮಾತು ಕೇಳು," ಅಂದಳು ಆರ್ಡಿತ್. "ನೀನು ಬಿಚ್ಚು. ಎಲ್ಲಾನೂ ಬಿಚ್ಚು. ಒಂದೊಂದರ ಮದ್ದನ್ನೂ ಅವನ ತಕ್ಕಡೀಲೇ ತೂಗು. ಎಲ್ಲಾ ಸರಿ ಇದ್ರೆ, ಅದೇ ಮದ್ದು ಅದೇ ಗುಂಡು ವಾಪಸ್ ಹಾಕಿ ಆರು ತೋಟಾ ಮಾಡ್ಕೊಡು. ಆಮೇಲೆ ಭಾನುವಾರ ಎಲ್ಲರ ಮುಂದೆ ಹೇಳು, ಮೈಲೊನ ಕೈ ಕೊನೇ ತನಕ ನೆಟ್ಟಗಿತ್ತು ಅಂತ."

"ಸರಿ ಇಲ್ದೇ ಇದ್ರೆ?"

"ಇರತ್ತೆ."

ಲೀಲಂಡ್ ಪೈ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಬಿಚ್ಚದೇ ತೂಗಿದ್ರೆ ಗೊತ್ತಾಗೋದಾಗಿದ್ರೆ ಚೆನ್ನಾಗಿತ್ತು. ಗುಂಡಿನ ತೂಕ, ಹಿತ್ತಾಳೆ ತೂಕ ಒಂದೊಂದೂ ಒಂದೊಂದು ಥರ. ಆ ಚಿಟಿಕೆ ಮದ್ದು ಅದರಲ್ಲೇ ಕಳೆದುಹೋಗತ್ತೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಎದ್ದ.

ಗ್ಯಾರೇಜಿನ ಬಾಗಿಲ ಮೊಳೆಯಲ್ಲಿ ಮೈಲೊನ ಹಳೆಯ ಟೊಪ್ಪಿ ತೂಗುತ್ತಿತ್ತು. ಅದು ಮೊಳೆಯಲ್ಲಿದ್ದರೆ ಒಳಗೆ ಬರಬಹುದು. ಹೊರಗೆ ಬಾಗಿಲ ಹಿಡಿಯ ಮೇಲಿದ್ದರೆ ಅವನು ಮದ್ದು ಹಾಕುತ್ತಿದ್ದಾನೆ ಎಂದರ್ಥ. ಮನೆಗೆ ಬೆಂಕಿ ಬಿದ್ದರೂ ಮಾತಾಡಿಸುವ ಹಾಗಿಲ್ಲ. ಲೀಲಂಡ್ ಅದನ್ನು ಒಂದು ಗಳಿಗೆ ನೋಡಿ, ಮೊಳೆಯಲ್ಲೇ ಬಿಟ್ಟ.

ಕೆಲಸ ಶುರುವಾಯಿತು. ಸುತ್ತಿಗೆಯ ತಲೆ ಪೊಳ್ಳು. ಅದರೊಳಗೆ ತೋಟಾ ಸಿಕ್ಕಿಸಿ ಮರದ ಕೊರಡಿನ ಮೇಲೆ ಎರಡು ಏಟು ಹಾಕಿದರೆ ಗುಂಡು ಕಳಚಿ ಮದ್ದಿನ ಸಮೇತ ಒಳಗೇ ಬೀಳುತ್ತದೆ. ಲೀಲಂಡ್ ಮದ್ದನ್ನು ತಕ್ಕಡಿಯ ಪುಟ್ಟ ಬಟ್ಟಲಿಗೆ ಸುರಿದ. ಮುಳ್ಳು ಆಚೀಚೆ ತೂಗಿ ಮೈಲೊನ ಗೆರೆಯ ಮೇಲೆ ನಿಂತಿತು.

"ಸರಿ," ಅಂದ.

ಇನ್ನೊಂದು. ಸರಿ. ಮತ್ತೊಂದು. ಅದೂ ಸರಿ. ಕೊರಡಿನ ಮೇಲೆ ಏಟು ಬೀಳುವುದು, ಮದ್ದು ಸುರಿಯುವುದು, ಮುಳ್ಳು ನಿಲ್ಲುವುದು. ಮೊದಮೊದಲು ಪ್ರತಿ ಏಟಿಗೂ ಅವಳು ಮುಳ್ಳಿನ ಕಡೆ ಬಗ್ಗಿ ನೋಡುತ್ತಿದ್ದಳು. ಮೂರನೇ ಸಾಲಿನ ಹೊತ್ತಿಗೆ ಅವಳ ಬೆನ್ನು ನೆಟ್ಟಗಾಯಿತು.

"ಪಕ್ಕದವನ ಹಲಗೆಗೆ ಹೊಡೆದ ಅಂತ ಕಳಿಸಿಬಿಟ್ಟೆಯಲ್ಲ," ಅಂದಳು. "ಕರ್ಟಿಸ್ ಮೋಬಿ ವಾರ ವಾರ ಹಲಗೆ ಹಿಂದಿನ ಮಣ್ಣಿಗೆ ಹೊಡೀತಾನೆ. ಅವನನ್ನ ಕಳಿಸಿದ್ಯಾ?"

"ಕರ್ಟಿಸ್ ಕಣ್ಣು ಸರಿ ಇಲ್ಲ. ಎಲ್ಲಿ ನಿಂತಿದೀನಿ ಅನ್ನೋದು ಅವನಿಗೆ ಗೊತ್ತಿರತ್ತೆ."

"ಇದು ಸರಿಯಾ?"

"ಸರಿ ಇದೆ."

"ಮುಂದಿಂದು ತಗೋ ಹಾಗಾದ್ರೆ."

ಕೊನೆಯ ಸಾಲುಗಳು ಬಂದವು. ಲೀಲಂಡ್ ಒಂದು ತೋಟಾ ಬಿಚ್ಚಿ ಸುರಿದ. ಬಟ್ಟಲು ಟಪ್ಪನೆ ಕೆಳಗೆ ಕೂತಿತು. ಮುಳ್ಳು ಮೇಲಕ್ಕೆ ಹೋಗಿ ಅಲ್ಲೇ ಅಂಟಿಕೊಂಡಿತು. ಅವನು ಬಟ್ಟಲನ್ನು ಎತ್ತಿ, ಊದಿ, ಮತ್ತೆ ಇಟ್ಟ. ಮುಳ್ಳು ಇಳಿಯಲಿಲ್ಲ.

ಅವನು ತಕ್ಕಡಿಯ ತೂಕದ ಬಿಲ್ಲೆಯನ್ನು ಒಂದೊಂದೇ ಗೆರೆ ಸರಿಸಿ ನೋಡಿದ. ಸರಿಯಾಗಿ ಎರಡರಷ್ಟು ಮದ್ದಿತ್ತು. ಉದ್ದ ಕೊಳವೆಯಲ್ಲಿ ಚಿಟಿಕೆ ಮದ್ದು ತಳದಲ್ಲೆಲ್ಲೋ ಇರುತ್ತದೆ. ಅದರ ಮೇಲೆ ಇನ್ನೊಂದು ಚಿಟಿಕೆ ಬಿದ್ದರೂ ತುಳುಕುವುದಿಲ್ಲ, ಗುಂಡು ಅಡ್ಡಿಯಿಲ್ಲದೆ ಕೂರುತ್ತದೆ. ಮೆತ್ತನೆಯ ತೋಟಾದ ಅಪಾಯವೇ ಅದು. ಹಾರಿಸಿದ್ದರೆ ರಿವಾಲ್ವರ್ ಬಿರಿಯುತ್ತಿತ್ತು, ಆರ್ಡಿತಳ ಕೈಯ ಸಮೇತ, ಭಾನುವಾರ, ಟೊಪ್ಪಿ ತೆಗೆದು ನಿಂತ ಅಷ್ಟು ಜನರ ಎದುರಿಗೆ.

ಆರ್ಡಿತ್ ಸ್ಟೂಲಿನ ಮೇಲೆ ಕೂತಳು. ಲೀಲಂಡ್ ಮುಖ ತಿರುಗಿಸಿ ಕಿಟಕಿ ನೋಡುತ್ತ ನಿಂತ. "ಒಂದು ಕೇಳ್ಲಾ?" ಅಂದ. "ಅವನು ಈ ಡಬ್ಬೀಲಿ ಬೇರೆ ಏನೂ ಗುರುತು ಮಾಡಿರಲಿಲ್ವಾ?"

"ಎಂಥ ಗುರುತು?"

"ನನಗೆ ತೋಟಾ ತುಂಬೋದು ಕಲಿಸಿದ್ದು ಅವನೇ. ಎಣಿಕೆ ತಪ್ಪಿ, ಅನುಮಾನ ಬಂತು ಅಂತಿಟ್ಕೊ. ಗುಂಡು ಕೂರಿಸಿಯಾಗಿದೆ, ಒಳಗೆ ಇಣುಕೋ ಹಾಗಿಲ್ಲ. ಆಗ ಆ ಸಲ ತುಂಬಿದ್ದನ್ನ ಪೂರ್ತಿ ಮೂತಿ ಮೇಲೆ ಮಾಡಿಡಬೇಕು. ಇದನ್ನ ನಂಬಬೇಡ, ಬಿಚ್ಚು ಅಂತ ಅರ್ಥ. ಅವನು ಇದರಲ್ಲಿ ತಪ್ಪಿದವನೇ ಅಲ್ಲ. ಇಲ್ಲಿ ಎಲ್ಲಾ ಬುಡ ಮೇಲಿದೆ. ಅದೇ ನನಗೆ ಅರ್ಥ ಆಗ್ತಿಲ್ಲ."

ಆರ್ಡಿತಳ ಕೈ ಬಾಯಿಗೆ ಹೋಯಿತು. ಜನವರಿಯ ಒಂದು ಮಧ್ಯಾಹ್ನ ನೆನಪಾಯಿತು. ಬಾಗಿಲ ಹಿಡಿಯ ಮೇಲೆ ಟೊಪ್ಪಿ ಇದ್ದಾಗಲೇ ಮೈಲೊ ಅಡುಗೆಮನೆಗೆ ಬಂದು, "ಕರೆದ್ಯಾ?" ಎಂದು ಕೇಳಿದ್ದ. ಇಲ್ಲವಲ್ಲ ಎಂದಿದ್ದಳು. ಅವನು ಅಲ್ಲೇ ಸ್ವಲ್ಪ ಹೊತ್ತು ನಿಂತು, ತನ್ನ ಕೈಯನ್ನೇ ನೋಡಿಕೊಂಡು, ವಾಪಸ್ಸು ಹೋಗಿದ್ದ. ಆಮೇಲೆ ಜ್ವರ, ಆಸ್ಪತ್ರೆ. ಬಿಚ್ಚಲು ಅವನಿಗೆ ಹೊತ್ತು ಸಿಗಲಿಲ್ಲ.

"ಇದ್ವು," ಅಂದಳು. "ಎರಡು ಸಾಲು. ಮೂತಿ ಮೇಲೇ ಇದ್ವು. ನೀನು ನೋಡಿದ್ರೆ ಅವನ ತಲೆ ಕೆಟ್ಟಿತ್ತು ಅಂದ್ಕೋತೀಯ ಅಂತ ನಾನೇ ತಿರುಗಿಸಿಟ್ಟೆ. ಇವತ್ತು ಬೆಳಿಗ್ಗೆ."

ಲೀಲಂಡ್ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

"ಅವನ ಕೈ ತಪ್ಪಿತ್ತು, ಆರ್ಡಿತ್. ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ತಪ್ಪಿದ್ದು ಅವನಿಗೆ ಗೊತ್ತಾಗಿತ್ತು. ಗೊತ್ತಾಗಿ ಹೇಳಿಟ್ಟು ಹೋಗಿದಾನೆ. ನಿನ್ನ ಕೈಗೆ ಏನೂ ಆಗಬಾರದು ಅಂತ."

"ನಾನು ಅದನ್ನ ಅಳಿಸ್ಬಿಟ್ಟೆ."

"ಅಳಿಸ್ದೆ. ಅದಕ್ಕೇ ತಾಯಿ, ಸತ್ತವನ ತೋಟಾ ಬಿಚ್ಚೋದು."

ಅವಳು ಆಗ ಅತ್ತಳು, ಶವಪೆಟ್ಟಿಗೆಯ ಮುಂದೆ ಅಳದಿದ್ದದ್ದನ್ನೂ ಸೇರಿಸಿ. ಲೀಲಂಡ್ ಕರವಸ್ತ್ರ ಹುಡುಕಿದ. ಸಿಕ್ಕಿದ್ದು ಎಣ್ಣೆ ಬಟ್ಟೆ. ಅದನ್ನೇ ಕೊಟ್ಟ. ಅವಳು ಅದರಲ್ಲೇ ಮೂಗು ಒರೆಸಿಕೊಂಡು, "ಹಾಳಾದೋನೇ, ಬಂದೂಕಿನ ಎಣ್ಣೆ ಇದು," ಅಂದಳು.

ಮಿಕ್ಕ ತೋಟಾಗಳನ್ನೂ ಬಿಚ್ಚಿದರು. ಅವುಗಳಲ್ಲಿ ತಪ್ಪೇನೂ ಸಿಗಲಿಲ್ಲ. ಮದ್ದನ್ನೆಲ್ಲ ಆರ್ಡಿತ್ ತಾನೇ ಹೊತ್ತುಕೊಂಡು ಹೋಗಿ ಲೈಲಾಕ್ ಗಿಡದ ಬುಡಕ್ಕೆ ಚೆಲ್ಲಿಬಂದಳು. ಲೀಲಂಡ್ ಅಂಗಡಿಯ ಡಬ್ಬಿಯನ್ನು ಜೇಬಿನಿಂದ ತೆಗೆದ. ಅವಳು ಬೇಡವೆಂದು ತಲೆಯಾಡಿಸಿದಳು.

"ಅವನ ಗುಂಡಿದೆ, ಅವನ ಹಿತ್ತಾಳೆ ಇದೆ. ಮದ್ದು ಹೊಸಾ ಡಬ್ಬಿಂದು ತೆಗಿ. ಹಾಕೋದು ನಾನು. ನೀನು ನೋಡ್ತಾ ನಿಂತ್ಕೊ. ಬಾಯಿ ಮಾತ್ರ ತೆಗೀಬೇಡ."

ಮೊಳೆಯಿಂದ ಟೊಪ್ಪಿ ತೆಗೆದು ಹೊರಗೆ ಬಾಗಿಲ ಹಿಡಿಗೆ ಸಿಕ್ಕಿಸಿದಳು.

ಮದ್ದಿಗೆ ಕಿಡಿ ಹಚ್ಚುವ ಹೊಸ ಕೇಪು ಕೂರಿಸಿದ ಕೊಳವೆಗಳು ಮರದ ಹಲಗೆಯಲ್ಲಿ ನಿಂತವು. ಅವಳು ಮದ್ದು ತೂಗಿ, ಹಾಕಿ, ಟಾರ್ಚು ಹಿಡಿದು ಒಳಗೆ ಇಣುಕಿ, ಗುಂಡು ಕೂರಿಸುವ ಯಂತ್ರದ ಹಿಡಿ ಒತ್ತುತ್ತಿದ್ದಳು. ಮಣಿಕಟ್ಟು ನೋಯುತ್ತಿತ್ತು. ನಡುವೆ ಒಂದಕ್ಕೆ ಮದ್ದು ಹಾಕಿ ಟಾರ್ಚಿಗೆ ಕೈ ಚಾಚಿದಾಗ ಲೀಲಂಡ್ ಮರೆತು, "ಕಾಫಿ ಇನ್ನೊಂದು ಸಲ..." ಎಂದು ಬಾಯಿ ತೆಗೆದ.

ಅವಳ ಕೈ ನಿಂತಿತು. ಬೆರಳು ಯಾವ ಕೊಳವೆಯ ಮೇಲಿತ್ತು? ಇಣುಕಿದರೆ ಗೊತ್ತಾಗುತ್ತಿತ್ತೇನೋ. ಅವಳು ಇಣುಕಲಿಲ್ಲ. ಮುಂದಿದ್ದ ಕೊಳವೆಗಳನ್ನೆಲ್ಲ ಬಟ್ಟಲಿಗೆ ಬೋರಲು ಸುರಿದು, ತಿರುಗಿಸಿಟ್ಟು, ಮೊದಲಿನಿಂದ ಶುರುಮಾಡಿದಳು. ಲೀಲಂಡ್ ತನ್ನ ಟೊಪ್ಪಿ ತೆಗೆದು ಎದೆಗೆ ಹಿಡಿದು, ಚರ್ಚಿನಲ್ಲಿ ನಿಂತ ಹಾಗೆ ನಿಂತ.

ಭಾನುವಾರ ಗಾಳಿ ಇತ್ತು. ಲೀಲಂಡ್ ಮೈಲೊನ ಹೆಸರು ಕೂಗಿದ. ಎಲ್ಲರೂ ಟೊಪ್ಪಿ ತೆಗೆದರು. ಆಮೇಲೆ ಅವನು ಅವಳ ಕಡೆ ನೋಡಿದ, ಹೇಳಲೇ ಎಂದು ಕೇಳುವವನಂತೆ. ಅವಳು ತಾನೇ ಹೇಳಿದಳು.

"ಇವು ಮೈಲೊ ತುಂಬಿದವಲ್ಲ. ಅವನು ತುಂಬಿದವನ್ನ ಬಿಚ್ಚಿದ್ವಿ. ಅದರಲ್ಲೊಂದು ತಪ್ಪಿತ್ತು. ತಪ್ಪಿದೆ ಅಂತ ಅವನೇ ಗುರುತು ಮಾಡಿಟ್ಟಿದ್ದ. ಅದನ್ನ ಕೆಡಿಸಿದವಳು ನಾನು."

ಕರ್ಟಿಸ್ ಮೋಬಿ ಟೊಪ್ಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತಿದ್ದವನು ನಿಲ್ಲಿಸಿದ.

ಅವಳು ಎರಡೂ ಕೈಯಲ್ಲಿ ರಿವಾಲ್ವರ್ ಎತ್ತಿದಳು. ಮೆಲ್ಲಗೆ ಬಾಗಿಲು ಹಾಕಿಕೊಂಡಂಥ ಸದ್ದು, ಆರು ಸಲ. ಬಯಲ ಗಾಳಿಗೆ ಅದು ಹೆಚ್ಚು ದೂರ ಹೋಗಲೂ ಇಲ್ಲ.

ಖಾಲಿ ಹಿತ್ತಾಳೆ ಕೊಳವೆಗಳನ್ನು ಅವಳು ಕೆಳಗೆ ಬೀಳಿಸಿದಾಗ ಲೀಲಂಡ್ ಹೆಕ್ಕಲು ಬಗ್ಗಿದ.

"ಬಿಡು, ನಾನು ತಗೋತೀನಿ," ಅಂದಳು ಆರ್ಡಿತ್. ಮಂಡಿಯೂರಿ ಒಂದೊಂದನ್ನೇ ಆರಿಸಿಕೊಂಡಳು. ಇನ್ನೂ ಬೆಚ್ಚಗಿದ್ದವು. ಕೋಟಿನ ಜೇಬಿಗೆ ಹಾಕಿಕೊಂಡು, "ಬರೋ ವಾರಕ್ಕೆ ಮತ್ತೆ ತುಂಬಬೇಕು. ನೀನು ಬಾ, ಆದ್ರೆ ಕಾಫಿ ಮೊದ್ಲೇ ಕುಡಿದು ಬಾ," ಅಂದಳು.