ಎಪ್ಪತ್ತು ಎಂಬ ಹಟಮಾರಿ

ನಾಲ್ಕು ಗೂಡು ಖಾಲಿ, ಬೆಲ್ಟಿನ ಮೇಲೆ ತೇಲಿ ಬಂದ ಪೆಟ್ಟಿಗೆಯಲ್ಲಿ ಗಾಜಿನ ಬಾಟಲಿಗಳ ನಡುವೆ ನಾಲ್ಕು ಗೂಡು ಬಾಯಿ ಬಿಟ್ಟುಕೊಂಡಿವೆ, ತುಂಬಲು ಹೋದ ಅವಳ ಕೈ ಅಲ್ಲೇ ನಿಂತಿತು — ನಾಲ್ಕು, ನಿನ್ನೆ ಮಗಳೂ ನಾಲ್ಕೇ ಅಂದಿದ್ದಳಲ್ಲ, ಅಮ್ಮಾ, ಈ ಎಪ್ಪತ್ತು ಬಲು ಹಟಮಾರಿ, ಅದನ್ನ ಬಿಟ್ಟು ಉಳಿದ ಭಾಜಕ ಎಲ್ಲ ಕೂಡಿದ್ರೆ ಎಪ್ಪತ್ನಾಲ್ಕು ಬರುತ್ತೆ, ನಾಲ್ಕು ಹೆಚ್ಚು, ಆದ್ರೆ ಯಾವ್ಯಾವ್ದನ್ನ ಆರಿಸ್ಕೊಂಡ್ರೂ ಸರಿಯಾಗಿ ಎಪ್ಪತ್ತು ಆಗಲ್ಲ, ಮೂರು ಸಲ ನೋಡ್ದೆ. ಕೂಡಿದರೆ ತನಗಿಂತ ಹೆಚ್ಚು ಬರುವ ಹನ್ನೆರಡು, ಹದಿನೆಂಟು ಮೊದಲಾದವೆಲ್ಲ ಒಂದೆರಡನ್ನು ಬಿಟ್ಟರೆ ಸರಿಯಾಗುತ್ತವಂತೆ, ನೂರರೊಳಗೆ ಆಗದ್ದು ಇದೊಂದೇ ಅಂತೆ, ಶಾಲೆಯ ಪ್ರದರ್ಶನಕ್ಕೆಂದು ತಾನೇ ಪತ್ತೆಹಚ್ಚಿ, ಹಾಳೆಯ ನಡುವೆ ದೊಡ್ಡದಾಗಿ ಬರೆದು ಸುತ್ತ ಗೆರೆ ಎಳೆದಿದ್ದಳು. ಇವಳೋ ಎರಡು ಪಾಳಿ ದುಡಿದು ಬಂದು, ಬಟ್ಟೆ ಹಿಂಡುತ್ತ, ತಲೆ ಎತ್ತದೆ, ಮತ್ತೆ ಹನ್ನೆರಡನ್ನ ಹೇಗೆ ಮಾಡ್ದೆ ಎಂದಳು. ಒಂದು, ಎರಡು, ಮೂರು, ನಾಲ್ಕು, ಆರು, ಕೂಡಿದರೆ ಹದಿನಾರು, ನಾಲ್ಕು ಹೆಚ್ಚು, ನಾಲ್ಕನ್ನು ಬಿಟ್ಟರೆ ಸರಿಹೋಯಿತು ಎಂದಳು ಮಗಳು. ಅಷ್ಟೇ ಕಣೇ, ಇದ್ರಲ್ಲೂ ನಾಲ್ಕು ತೆಗಿ, ಹದಿನೈದು ವರ್ಷದಿಂದ ಪೆಟ್ಟಿಗೆ ತುಂಬ್ತಿದೀನಿ, ಹೆಚ್ಚಾದದ್ದನ್ನ ತೆಗೆಯೋದು ನನಗೇ ಹೇಳ್ಕೊಡ್ತೀಯಾ, ಅಳಿಸು ಅದನ್ನ, ಎಲ್ಲವೂ ಆಗುತ್ತೆ ಅಂತ ಬರಿ. ಮಗಳು ಒಂದು ಗಳಿಗೆ ಮುಖ ನೋಡಿ, ರಬ್ಬರಿನಿಂದ ಉಜ್ಜಿ, ಪುಡಿಯನ್ನು ಮೆಲ್ಲಗೆ ಊದಿದ್ದಳು.

ಈಗ ಬೆಲ್ಟಿನ ಮುಂದೆ ನಿಂತು ಎಪ್ಪತ್ತರ ಭಾಜಕಗಳನ್ನು ತಾನೇ ಎಣಿಸಿದಳು, ಒಂದು, ಎರಡು, ಐದು, ಏಳು, ಹತ್ತು, ಹದಿನಾಲ್ಕು, ಮೂವತ್ತೈದು, ಇದರಲ್ಲಿ ನಾಲ್ಕೆಲ್ಲಿದೆ, ಒಂದೂ ಎರಡೂ ಸೇರಿದರೆ ಮೂರು, ಅದರಾಚೆ ಐದು, ನಾಲ್ಕು ಆಗುವುದೇ ಇಲ್ಲ, ಬಾಟಲಿಯಾದರೆ ಬಿಡಿಬಿಡಿಯಾಗಿ ಎತ್ತಬಹುದು, ಐದರೊಳಗಿಂದ ನಾಲ್ಕನ್ನು ಕಿತ್ತು ತೆಗೆಯಲಾದೀತೇ, ಪೆದ್ದಿ, ಮಗುವಿನ ಸರಿಯನ್ನು ಮಗುವಿನ ಕೈಯಿಂದಲೇ ಒರೆಸಿಹಾಕಿಸಿದೆಯಲ್ಲೇ — ಊದುವ ಆ ತುಟಿ — ಗಂಟೆ ಹನ್ನೊಂದು, ಪ್ರದರ್ಶನ ಶುರುವಾಗಿರಬೇಕು, ಸೂಪರ್‌ವೈಸರನ ಮುಂದೆ ನಿಂತು ಫೋನು ಬೇಡಿದಳು, ಯಾಕಮ್ಮಾ, ಮಗಳಿಗೆ ಹುಷಾರಿಲ್ವಾ, ಇಲ್ಲಣ್ಣ, ಲೆಕ್ಕ ತಪ್ಪಿದೆ, ಅವನು ನಕ್ಕ, ಲೆಕ್ಕ ತಪ್ಪಿದಾಗೆಲ್ಲ ಫೋನ್ ಮಾಡೋದಾದ್ರೆ ನಾನು ಮನೆಗೇ ಹೋಗೋ ಹಾಗಿಲ್ಲ. ಆ ಕಡೆ ಟೀಚರ್, ನಿಮ್ಮ ಮಗಳದ್ದು ಈಗ ತಾನೇ ಮುಗೀತು ನೋಡಿ, ಪರೀಕ್ಷಿಸಲು ಬಂದವರು ಎಲ್ಲವೂ ಆಗುತ್ತವೆಯೇ, ಹಾಗಾದರೆ ಎಪ್ಪತ್ತನ್ನು ಮಾಡಿ ತೋರಿಸು ಎಂದರಂತೆ, ಹುಡುಗಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಕೂಡಿಸುತ್ತ, ಅಳಿಸುತ್ತ, ಮತ್ತೆ ಕೂಡಿಸುತ್ತ ಇದ್ದಳಂತೆ. ಬರೋದೇ ಇಲ್ಲ ಅಂತ ಹೇಳ್ಬಹುದಿತ್ತು ರೀ, ಹೇಳ್ಲಿಲ್ಲ, ನಮ್ಮಮ್ಮ ನೋಡಿದಾರೆ, ಬರುತ್ತೆ, ನನಗೇ ಗೊತ್ತಾಗ್ತಿಲ್ಲ ಅಂದ್ಲು. ನೋಡಿದ್ದಳೇ, ಎಲ್ಲಿ ನೋಡಿದ್ದಳು, ಬಟ್ಟೆಯಿಂದ ತಲೆ ಎತ್ತಿದ್ದು ಕೊನೆಗೊಮ್ಮೆ, ಆಗ ಕಂಡದ್ದು ಇಷ್ಟೇ — ಹಾಳೆಯತ್ತ ಬಾಗಿದ ಮುಖ, ಮುಂದೆ ಚಾಚಿದ ಪುಟ್ಟ ತುಟಿ, ಹಾರುವ ಪುಡಿ.