ಎರಡನೆಯ ದಿನದ ಕೇಕು

ಎದೆನೋವು ಬಂದ ಮೇಲೂ ಮಾವನವರು ಬೆಣ್ಣೆ ಬಿಡಲೊಲ್ಲರು. ಮೂವತ್ತು ವರ್ಷ ಬೇಕರಿ ನಡೆಸಿದ ಹಟ. ಸೊಸೆ ಹೇಳದೆ ಕೇಳದೆ, ಹೃದಯಕ್ಕೆ ಒಳ್ಳೆಯದೆಂದು ಬೆಣ್ಣೆಯ ಬದಲು ಕನೋಲಾ ಎಣ್ಣೆಯಲ್ಲಿ ಕೇಕು ಮಾಡಿದಳು. ಅವರು ತಿಂದದ್ದು ಮರುದಿನ. ಮೊದಲ ದಿನ ಎಲ್ಲ ಕೇಕೂ ಒಳ್ಳೆಯದೇ ಎಂಬುದು ಅವರ ಸಿದ್ಧಾಂತ. ಹೆಬ್ಬೆರಳಿನಿಂದ ಒತ್ತಿದರು, ಮೂಸಿದರು, ಒಂದು ತುಂಡು ಬಾಯಿಗಿಟ್ಟರು.

"ಬೆಣ್ಣೆ ಹಾಕಿಲ್ಲ ಅಲ್ವೇನಮ್ಮಾ?"

"ಇಲ್ಲ ಮಾವ. ಕನೋಲಾ ಎಣ್ಣೆ."

"ಬೆಣ್ಣೇದು ಇಷ್ಟೊತ್ತಿಗೆ ಇಟ್ಟಿಗೆ ಆಗಿರ್ತಿತ್ತು. ಇದು ಇನ್ನೂ ಮೆತ್ತಗಿದೆಯಲ್ಲೇ! ಕೇಕು ಗಟ್ಟಿ ಅಂತ ಗಿರಾಕಿಗಳ ಹತ್ರ ಸುಮ್ನೆ ಬೈಸಿಕೊಂಡೆ. ಇನ್ನೊಂದು ಕೊಡು."

ಸೊಸೆ ದೊಡ್ಡ ತುಂಡನ್ನೇ ಕೊಟ್ಟಳು.

"ಹಾಗಾದ್ರೆ ದಿನದ ಅಡುಗೆಗೂ ಅದೇ ಎಣ್ಣೆ ಕಣ್ರೀ" ಎಂದರು ಅತ್ತೆ, ಸಮಯ ನೋಡಿ. ಮಾವನವರ ಬಾಯಿ ತುಂಬಿತ್ತು, ಬೇಡವೆನ್ನಲಾಗಲಿಲ್ಲ.